ಮಿಡಿ ಮೌನವಾದಾಗ: ಹಳೆಯ ಅಟಾರಿ ಎಸ್‌ಟಿಯಲ್ಲಿ ತೊಂದರೆ ಹುಡುಕುವ ಬಗೆ

ಕಂಪ್ಯೂಟರ್ ಆನ್ ಆಗಿದೆ. ನೋಟ್‌ಗಳನ್ನು ಜೋಡಿಸಿ ನುಡಿಸುವ ಪ್ರೋಗ್ರಾಮ್, ಅಂದರೆ ಸೀಕ್ವೆನ್ಸರ್, ತೆರೆದಿದೆ. ಪ್ಲೇ ಒತ್ತಿದರೆ ತೆರೆಯ ಮೇಲೆ ಗೆರೆ ಓಡುತ್ತದೆ. ಸಿಂತ್ (ಸಿಂಥಸೈಜರ್ ಕೀಬೋರ್ಡ್) ಮಾತ್ರ ಗಪ್‌ಚಿಪ್. ಹಳೆಯ ಕಂಪ್ಯೂಟರ್‌ನಲ್ಲಿ ಸಂಗೀತ ಮಾಡುವವರಿಗೆಲ್ಲ ಇಂಥ ಸಂಜೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಆಗ ಕೈ ಮೊದಲು ಹೋಗುವುದು ಸ್ಕ್ರೂಡ್ರೈವರ್ ಕಡೆಗೆ. ಸ್ವಲ್ಪ ತಾಳಿ. ಅಷ್ಟು ವಯಸ್ಸಾದ ಯಂತ್ರ, ಯಾವುದೋ ಚಿಪ್ ಹೋಗಿರಬೇಕು ಅಂತ ಅನಿಸುವುದು ಸಹಜ. ಆದರೆ ನಾನು ಕಂಡ ಮಟ್ಟಿಗೆ ಚಿಪ್ ಹೋದದ್ದು ಕಡಿಮೆ. ಕೇಬಲ್ಲೋ, ಚಾನೆಲ್ಲೋ, ಎಲ್ಲೋ ಒಂದು ಸೆಟ್ಟಿಂಗೋ ಕೈಕೊಟ್ಟದ್ದೇ ಜಾಸ್ತಿ.

ಯಾವ ನೋಟ್, ಯಾವಾಗ, ಎಷ್ಟು ಜೋರಾಗಿ ಅಂತ ಕಂಪ್ಯೂಟರೂ ವಾದ್ಯಗಳೂ ಕೇಬಲ್ ಮೂಲಕ ಹೇಳಿಕೊಳ್ಳುವ ಭಾಷೆಯೇ ಮಿಡಿ. ಯಾವ ವಾದ್ಯಕ್ಕೆ ಅನ್ನುವುದನ್ನು ಚಾನೆಲ್ ಸಂಖ್ಯೆ ಹೇಳುತ್ತದೆ. ಇಲ್ಲಿ ಹೇಳುವುದು ಮುಖ್ಯವಾಗಿ ಅಟಾರಿ ಎಸ್‌ಟಿ ಎಂಬ ಕಂಪ್ಯೂಟರ್ ಬಗ್ಗೆ. 1985ರಲ್ಲಿ ಬಂದ ಈ ಯಂತ್ರದಲ್ಲಿ ಮಿಡಿ ಇನ್ ಮತ್ತು ಮಿಡಿ ಔಟ್ ಸಾಕೆಟ್‌ಗಳು ಹುಟ್ಟಿನಿಂದಲೇ ಇವೆ. ಬೇರೆ ಪೆಟ್ಟಿಗೆ ಕೊಳ್ಳಬೇಕಿಲ್ಲ. ಕ್ಯೂಬೇಸ್ ಎಂಬ ಸೀಕ್ವೆನ್ಸರ್ ಹುಟ್ಟಿದ್ದೇ ಇದರ ಮೇಲೆ, 1989ರಲ್ಲಿ. ಕ್ರಿಯೇಟರ್, ನೋಟೇಟರ್ ಕೂಡ ಇದರವೇ. ಕಮೊಡೋರ್ 64 ಅಥವಾ ಅಮಿಗಾ ಇಟ್ಟುಕೊಂಡವರಿಗೂ ಕೊನೆಯಲ್ಲಿ ನಾಲ್ಕು ಮಾತು ಇದೆ.

ಮೊದಲು ಕೇಬಲ್

ಇದನ್ನು ಮೊದಲಿಗೆ ಇಟ್ಟಿರುವುದಕ್ಕೆ ಕಾರಣ ನನ್ನದೇ ದಡ್ಡತನ. ಒಮ್ಮೆ ನನ್ನ ಎಸ್‌ಟಿಯಿಂದ ಒಂದು ನೋಟ್ ಕೂಡ ಹೊರಡಲಿಲ್ಲ. ಔಟ್‌ನಿಂದ ಅದರದೇ ಇನ್‌ಗೆ ಕೇಬಲ್ ಹಾಕಿ ನೋಡಿದೆ, ಏನೂ ವಾಪಸ್ ಬರಲಿಲ್ಲ. ಸರಿ, ಚಿಪ್ಪೇ ಹೋಗಿದೆ ಅಂತ ತೀರ್ಮಾನಿಸಿದೆ. ಬೋರ್ಡ್ ಬಿಚ್ಚಿ, ಇಪ್ಪತ್ತನಾಲ್ಕು ಕಾಲಿನ ಚಿಪ್ಪನ್ನು ಬೆವರು ಸುರಿಸಿ ಕಿತ್ತು, ಸಾಕೆಟ್ ಕೂರಿಸಿ, ಹೊಸದು ಹಾಕಿದೆ. ಆಗಲೂ ಅದೇ ಮೌನ. ಆಮೇಲೆ ನೋಡಿದರೆ ನನ್ನ ಕೈಲಿದ್ದದ್ದು ಹಳೆಯ ಟೇಪ್ ರೆಕಾರ್ಡರ್‌ನ ಕೇಬಲ್. ಪ್ಲಗ್ ಥೇಟ್ ಮಿಡಿ ಪ್ಲಗ್ಗೇ, ಐದು ಪಿನ್. ಒಳಗೆ ಮಾತ್ರ 4ನೇ ಪಿನ್‌ಗೆ ತಂತಿಯೇ ಇರಲಿಲ್ಲ. ಸಿಂತ್‌ಗೆ ಹಾಕಿದ್ದೂ ಅದೇ ಕೇಬಲ್, ಪರೀಕ್ಷೆಗೆ ಬಳಸಿದ್ದೂ ಅದೇ ಕೇಬಲ್. ಪರೀಕ್ಷೆಯೇ ಸುಳ್ಳು ಹೇಳುತ್ತಿತ್ತು.

ಹಾಗಾಗಿ ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಇಟ್ಟು ಕೂತುಕೊಳ್ಳಿ. ಪ್ಲಗ್ಗಿನ ಮುಖ ನೋಡಿದರೆ ಪಿನ್‌ಗಳು ಅರ್ಧಚಂದ್ರದ ಹಾಗೆ ಕಾಣುತ್ತವೆ. ನಟ್ಟನಡುವಿನದು 2. ಅದರ ಎರಡು ಪಕ್ಕ 4 ಮತ್ತು 5. ತುದಿಗಳಲ್ಲಿ 1 ಮತ್ತು 3. ಪಿನ್‌ಗಳ ಸಂಖ್ಯೆ ವರಸೆಯಲ್ಲಿ ಇಲ್ಲ, ಇಲ್ಲೇ ಎಲ್ಲರೂ ಎಡವುವುದು. ಮಿಡಿಗೆ ಬೇಕಾದದ್ದು 4ರಿಂದ 4ಕ್ಕೆ, 5ರಿಂದ 5ಕ್ಕೆ, ಮತ್ತು 2ರಿಂದ 2ಕ್ಕೆ. 4 ಮತ್ತು 5 ಅದಲುಬದಲಾಗಿದ್ದರೆ ಕರೆಂಟ್ ತಿರುಗಾ ಹರಿಯುತ್ತದೆ, ಏನೂ ಕೇಳುವುದಿಲ್ಲ. ಬೀಪ್ ಬರುತ್ತಿರುವಾಗಲೇ ಪ್ಲಗ್ಗಿನ ಕುತ್ತಿಗೆಯನ್ನು ಸ್ವಲ್ಪ ಬಾಗಿಸಿ ನೋಡಿ. ಒಳಗೆ ತುಂಡಾದ ತಂತಿ ಆಗ ಸಿಕ್ಕಿಬೀಳುತ್ತದೆ.

ಎಸ್‌ಟಿಯಲ್ಲಿ ಇನ್ನೊಂದು ವಿಚಿತ್ರವಿದೆ. ಇನ್‌ಗೆ ಬಂದದ್ದನ್ನು ಹಾಗೇ ಮುಂದಕ್ಕೆ ದಾಟಿಸುವ ಪ್ರತ್ಯೇಕ ಥ್ರೂ ಸಾಕೆಟ್ ಅದಕ್ಕಿಲ್ಲ. ಮಿಡಿ ಔಟ್ ಸಾಕೆಟ್‌ನಲ್ಲೇ 1 ಮತ್ತು 3ನೇ ಪಿನ್‌ಗಳಲ್ಲಿ ಥ್ರೂ ಸಂಕೇತವನ್ನು ತುರುಕಿದ್ದಾರೆ. ಮಿಡಿ ಪ್ರಕಾರ ಆ ಎರಡು ಪಿನ್ ಖಾಲಿ ಇರಬೇಕು. ಐದೂ ಪಿನ್‌ಗೆ ತಂತಿ ಇರುವ ಕೇಬಲ್ ಹಾಕಿ, ಆಚೆ ಇರುವ ಸಾಧನವೂ 1, 3ನ್ನು ಬೇರೆ ಕೆಲಸಕ್ಕೆ ಬಳಸುತ್ತಿದ್ದರೆ ಗೊಂದಲ ಶುರು. ಎಸ್‌ಟಿಗೆ ಮೂರೇ ತಂತಿಯ ಕೇಬಲ್ ಬಳಸಿದರೆ ಈ ತಲೆನೋವಿಲ್ಲ.

ದಾರಿಯನ್ನು ಎರಡು ಭಾಗ ಮಾಡಿ

ಕೇಬಲ್ ಸರಿ ಇದೆ ಅಂತ ಖಾತ್ರಿಯಾಯಿತಾ? ಈಗ ಸಿಂತ್‌ನ ಕೀಲಿಗಳನ್ನೇ ನುಡಿಸಿ ನೋಡಿ. ಅದರಿಂದಲೇ ಶಬ್ದ ಬರದಿದ್ದರೆ ಮಿಡಿಯದ್ದೇನೂ ತಪ್ಪಿಲ್ಲ, ವಾಲ್ಯೂಮ್ ಅಥವಾ ಆಂಪ್ಲಿಫೈಯರ್ ನೋಡಿಕೊಳ್ಳಿ. ನಗಬೇಡಿ, ಆಗುತ್ತದೆ.

ಆಮೇಲೆ ಎಸ್‌ಟಿಯ ಔಟ್‌ನಿಂದ ಅದರದೇ ಇನ್‌ಗೆ ಕೇಬಲ್ ಹಾಕಿ. ಎಸ್‌ಟಿಗಳನ್ನು ಹೀಗೇ ಔಟ್‌ನಿಂದ ಇನ್‌ಗೆ ಉಂಗುರದಂತೆ ಪೋಣಿಸಿ ಹದಿನಾರು ಜನ ಒಟ್ಟಿಗೆ ಆಡುವ ಮಿಡಿ ಮೇಜ್ ಎಂಬ ಆಟ 1987ರಲ್ಲೇ ಬಂದಿತ್ತು. ನಮ್ಮದು ಒಂದೇ ಯಂತ್ರದ ಉಂಗುರ, ಅಷ್ಟೇ. ಸೀಕ್ವೆನ್ಸರ್‌ನಲ್ಲಿ ಥ್ರೂ ಅಥವಾ ಎಕೋ ಅನ್ನುವ ಸೆಟ್ಟಿಂಗ್ ಮೊದಲು ಆಫ್ ಮಾಡಿ. ಇಲ್ಲದಿದ್ದರೆ ಒಳಗೆ ಬಂದ ನೋಟ್ ಮತ್ತೆ ಹೊರಗೆ, ಹೊರಗಿನದು ಮತ್ತೆ ಒಳಗೆ, ಹೀಗೆ ಸುತ್ತುತ್ತಲೇ ಇರುತ್ತದೆ. ಒಂದು ಟ್ರ್ಯಾಕ್‌ನಲ್ಲಿ ನಾಲ್ಕು ನೋಟ್ ಇಡಿ. ಅದು ನುಡಿಯುವಾಗ ಇನ್ನೊಂದು ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಿ.

ಸೀಕ್ವೆನ್ಸರ್ ಮೇಲೇ ಅನುಮಾನ ಇದ್ದರೆ ಜಿಎಫ್‌ಎ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸಾಕು. ಔಟ್ ಆಜ್ಞೆಗೆ 3ನೇ ಸಾಧನ ಅಂತ ಕೊಟ್ಟು 144, 60, 100 ಎಂಬ ಮೂರು ಬೈಟ್ ಕಳಿಸಿ. ಇದು ಒಂದನೇ ಚಾನೆಲ್‌ನಲ್ಲಿ ನಡು ಸಪ್ತಕದ ಸಿ ನೋಟ್. ಅದೇ 3ನೇ ಸಾಧನದಿಂದ ಓದಿದಾಗ ಅವೇ ಮೂರು ಸಂಖ್ಯೆ ಬರಬೇಕು. ಸಿಂತ್‌ಗೆ ಕಳಿಸಿ ನೋಡುವುದಾದರೆ 144, 60, 0 ಕಳಿಸಲು ಮರೆಯಬೇಡಿ. ಮರೆತರೆ ಅದು ಕೂಗುತ್ತಲೇ ಇರುತ್ತದೆ.

ನಾಲ್ಕೂ ನೋಟ್ ವಾಪಸ್ ಬಂದರೆ ಎಸ್‌ಟಿ ನಿರ್ದೋಷಿ. ಔಟ್, ಇನ್, ಒಳಗಿನ ಚಿಪ್ಪು ಎಲ್ಲ ಸರಿ ಇವೆ. ತಪ್ಪು ಹೊರಗಿದೆ. ಸ್ಕ್ರೂಡ್ರೈವರ್ ಡ್ರಾಯರ್‌ಗೆ ಹಾಕಿ. ಬಾರದಿದ್ದರೆ ಔಟ್ ಕೆಟ್ಟಿದೆಯೋ ಇನ್ ಕೆಟ್ಟಿದೆಯೋ ಇದರಿಂದ ತಿಳಿಯುವುದಿಲ್ಲ. ಅದಕ್ಕೆ ಒಂದು ಎಲ್‌ಇಡಿ ಬೇಕು.

ಸಾಮಾನ್ಯ ಕೆಂಪು ಎಲ್‌ಇಡಿ ಸಾಕು. ಉದ್ದ ಕಾಲು ಔಟ್ ಸಾಕೆಟ್‌ನ 4ನೇ ಪಿನ್‌ಗೆ, ಗಿಡ್ಡ ಕಾಲು 5ಕ್ಕೆ. ಮಿಡಿ ಅನ್ನುವುದೇ ಸುಮಾರು 5 ಮಿಲಿಆಂಪ್‌ನ ಕರೆಂಟ್ ಆಟ. ಆಚೆ ಕಡೆಯ ಸಿಂತ್‌ನೊಳಗೂ ಒಂದು ಪುಟ್ಟ ಎಲ್‌ಇಡಿಯೇ ಇರುತ್ತದೆ, ಸಂಕೇತವನ್ನು ಬೆಳಕಿನಲ್ಲಿ ದಾಟಿಸುವ ಆಪ್ಟೊ ಐಸೊಲೇಟರ್‌ನ ಹೊಟ್ಟೆಯಲ್ಲಿ. ಹಾಗಾಗಿ ಕಂಪ್ಯೂಟರ್‌ಗೆ ಇದು ಹೊಸದಲ್ಲ. ಸಾಕೆಟ್‌ನ ಹಿಂದೆ ಬೋರ್ಡ್ ಮೇಲೆ ಸಾಲು ರೆಸಿಸ್ಟರ್ ಇರುವುದರಿಂದ ಎಲ್‌ಇಡಿ ಸುಡುವುದೂ ಇಲ್ಲ. ಕೋಣೆಯ ದೀಪ ಆರಿಸಿ, ನೋಟ್‌ಗಳು ಗಿಜಿಗಿಜಿ ಅನ್ನುವ ಒಂದು ಟ್ರ್ಯಾಕ್ ನುಡಿಸಿ. ಎಲ್‌ಇಡಿ ಮಂಕಾಗಿ ಮಿನುಗಿದರೆ ಔಟ್ ಜೀವಂತ. ಹಾಗಾದರೆ ಇನ್ ಕಡೆ ಅನುಮಾನ. ಏನೂ ಕಳಿಸದೇ ಇರುವಾಗಲೂ ಪ್ರಖರವಾಗಿ ಉರಿಯುತ್ತಲೇ ಇದ್ದರೆ, ಔಟ್‌ನ ಡ್ರೈವರ್ ಚಿಪ್ ಸಿಕ್ಕಿಹಾಕಿಕೊಂಡಿದೆ. ಸುಮ್ಮನಿರುವ ಮಿಡಿ ಲೈನ್‌ನಲ್ಲಿ ಕರೆಂಟ್ ಹರಿಯಬಾರದು.

ಶಬ್ದ ಬರುತ್ತದೆ, ಆದರೆ ಸರಿಯಿಲ್ಲ

ಇಲ್ಲಿಂದ ಮುಂದಿನವು ನನಗೆ ಜಾಸ್ತಿ ಇಷ್ಟವಾಗುವ ತೊಂದರೆಗಳು. ಪೂರ್ತಿ ಮೌನ ಏನೂ ಹೇಳುವುದಿಲ್ಲ. ತಪ್ಪು ಶಬ್ದ ಬಹಳ ಹೇಳುತ್ತದೆ.

ಸಿಂತ್ ನುಡಿಸಿದಾಗ ಸ್ವರ ತೆಳ್ಳಗೆ, ಕೊಳವೆಯೊಳಗಿಂದ ಬಂದ ಹಾಗೆ ಕೇಳುತ್ತದಾ? ಎಂಟು ಸ್ವರ ಒಟ್ಟಿಗೆ ನುಡಿಯಬೇಕಾದ ಸಿಂತ್ ನಾಲ್ಕಕ್ಕೇ ಸುಸ್ತಾಗುತ್ತದಾ? ಹಾಗಾದರೆ ಪ್ರತಿ ನೋಟ್ ಎರಡೆರಡು ಸಲ ನುಡಿಯುತ್ತಿದೆ. ಕೀಲಿ ಒತ್ತಿದಾಗ ಸಿಂತ್ ತಾನೇ ಒಮ್ಮೆ ನುಡಿಸುತ್ತದೆ. ಅದೇ ನೋಟ್ ಎಸ್‌ಟಿಗೆ ಹೋಗಿ, ಸೀಕ್ವೆನ್ಸರ್‌ನ ಥ್ರೂ ಸೆಟ್ಟಿಂಗ್ ಮೂಲಕ ವಾಪಸ್ ಬಂದು ಮತ್ತೊಮ್ಮೆ ನುಡಿಯುತ್ತದೆ. ಸಿಂತ್‌ನ ಮೆನುವಿನಲ್ಲಿ ಲೋಕಲ್ ಕಂಟ್ರೋಲ್ (ಕೀಲಿಯಿಂದ ಅದರದೇ ಸ್ವರಕ್ಕೆ ಇರುವ ನೇರ ಕೊಂಡಿ) ಆಫ್ ಮಾಡಿ. ಮೆನು ಇಲ್ಲದ ಸಿಂತ್‌ಗೆ 122ನೇ ಕಂಟ್ರೋಲರ್ ಎಂಬ ಮಿಡಿ ಸಂದೇಶವನ್ನು 0 ಮೌಲ್ಯದೊಂದಿಗೆ ಕಳಿಸಿದರೂ ಆಗಬಹುದು. ಆದರೆ ಇದನ್ನು ಮರೆತರೆ ಮುಂದಿನ ವಾರ ಸಿಂತ್ ಒಂದನ್ನೇ ಆನ್ ಮಾಡಿ, ಕೀಲಿ ಒತ್ತಿ, ಶಬ್ದವಿಲ್ಲ ಅಂತ ಗಾಬರಿಯಾಗುತ್ತೀರಿ.

ಒಂದೇ ನೋಟ್ ನಿಲ್ಲದೆ ಕೂಗುವುದು ಇನ್ನೊಂದು. ನೋಟ್ ಆನ್ ಬಂತು, ಆಫ್ ದಾರಿಯಲ್ಲಿ ಕಳೆದುಹೋಯಿತು. ನುಡಿಯುವ ನಡುವೆ ಚಾನೆಲ್ ಬದಲಿಸಿದರೂ ಹೀಗಾಗುತ್ತದೆ. ಆಫ್ ಹೊಸ ಚಾನೆಲ್‌ಗೆ ಹೋಗಿರುತ್ತದೆ. ಸದ್ಯಕ್ಕೆ ಬಾಯಿ ಮುಚ್ಚಿಸಲು 123ನೇ ಕಂಟ್ರೋಲರ್ ಕಳಿಸಿ. ಆದರೂ ನಿಲ್ಲದಿದ್ದರೆ 64ನೇ ಕಂಟ್ರೋಲರ್‌ಗೆ 0 ಕೊಟ್ಟು ನೋಡಿ, ಅದು ಸಸ್ಟೇನ್ ಪೆಡಲ್. ರೆಕಾರ್ಡಿಂಗ್ ನಿಲ್ಲಿಸಿದಾಗ ಕಾಲು ಪೆಡಲ್ ಮೇಲೇ ಇತ್ತು ಅಂದುಕೊಳ್ಳಿ. ಒತ್ತಿದ್ದು ಟ್ರ್ಯಾಕ್‌ನಲ್ಲಿ ಉಳಿದಿದೆ, ಬಿಟ್ಟದ್ದು ಉಳಿದಿಲ್ಲ.

ಇದಕ್ಕೆ ತದ್ವಿರುದ್ಧ: ಉದ್ದ ಸ್ವರಗಳು ಅರ್ಧದಲ್ಲೇ ಕತ್ತರಿಸಿ ಹೋಗುವುದು. ಇದರ ಹಿಂದೆ ಬಹಳ ಸಲ ಆ್ಯಕ್ಟಿವ್ ಸೆನ್ಸಿಂಗ್ ಇರುತ್ತದೆ. ಕೆಲವು ಕೀಬೋರ್ಡ್‌ಗಳು ‘ನಾನಿನ್ನೂ ಇದ್ದೇನೆ’ ಅಂತ 254 ಎಂಬ ಬೈಟನ್ನು ಬಿಡದೆ ಕಳಿಸುತ್ತವೆ. ಅದನ್ನು ಒಮ್ಮೆ ಕೇಳಿಸಿಕೊಂಡ ಸಾಧನ, ಆಮೇಲೆ 300 ಮಿಲಿಸೆಕೆಂಡ್ ಏನೂ ಬಾರದಿದ್ದರೆ ಕೇಬಲ್ ಕಿತ್ತುಹೋಗಿದೆ ಅಂದುಕೊಂಡು ಎಲ್ಲ ಸ್ವರ ನಿಲ್ಲಿಸುತ್ತದೆ. ನಡುವೆ ಕೂತ ಯಾವುದೋ ಪೆಟ್ಟಿಗೆ 254ನ್ನು ಒಮ್ಮೆ ದಾಟಿಸಿ, ಒಮ್ಮೆ ನುಂಗಿದರೆ ಮುಗಿಯಿತು ಕಥೆ. ಸೀಕ್ವೆನ್ಸರ್‌ನ ಇನ್‌ಪುಟ್ ಫಿಲ್ಟರ್‌ನಲ್ಲಿ ಅದನ್ನು ತಡೆದುಬಿಡಿ.

ತಾಳ ತಪ್ಪುತ್ತಿದ್ದರೆ

ಎಸ್‌ಟಿಯ ತಾಳ ಗಟ್ಟಿ ಅಂತ ಎಲ್ಲರೂ ಹೊಗಳುತ್ತಾರೆ. ನಿಜವೇ. ಮಿಡಿ ಚಿಪ್ಪಿಗೂ ಪ್ರೊಸೆಸರ್‌ಗೂ ನಡುವೆ ತಡಮಾಡುವ ಪದರಗಳೇ ಇಲ್ಲ. ಆದರೂ ಡ್ರಮ್ ಸ್ವಲ್ಪ ಹಿಂದೆ ಬಿದ್ದಂತೆ ಕೇಳಿದರೆ ಯಂತ್ರವನ್ನು ಬೈಯುವ ಮುಂಚೆ ಒಂದು ಲೆಕ್ಕ ಹಾಕಿ.

ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಬೈಟ್ ಅಂದರೆ ಆರಂಭದ್ದು, ಕೊನೆಯದ್ದು ಸೇರಿ ಹತ್ತು ಬಿಟ್. ಅಂದರೆ 320 ಮೈಕ್ರೋಸೆಕೆಂಡ್. ಒಂದು ನೋಟ್‌ಗೆ ಮೂರು ಬೈಟ್, ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್. ಮೊದಲ ಬೀಟ್‌ನಲ್ಲೇ ಹತ್ತು ನೋಟ್ ಒಟ್ಟಿಗೆ ಇಟ್ಟರೆ ಹತ್ತನೆಯದು ಪೂರ್ತಿ ಹೋಗುವಷ್ಟರಲ್ಲಿ 9.6 ಮಿಲಿಸೆಕೆಂಡ್ ಕಳೆದಿರುತ್ತದೆ. ಅವೆಲ್ಲ ಒಂದೇ ಚಾನೆಲ್‌ನವಾಗಿದ್ದು, ಮೊದಲ ಬೈಟನ್ನು ಮತ್ತೆ ಮತ್ತೆ ಹೇಳದ ರನ್ನಿಂಗ್ ಸ್ಟೇಟಸ್ ಬಳಸಿದರೆ 6.7ಕ್ಕೆ ಇಳಿಯುತ್ತದೆ. ಎಲ್ಲರೂ ಒಂದೇ ಬಾಗಿಲಲ್ಲಿ ಸಾಲಾಗಿ ಹೊರಗೆ ಬರಬೇಕು, ಅಲ್ವಾ? ಸಾಲಿನಲ್ಲಿ ಡ್ರಮ್ ಮುಂದೆ ನಿಲ್ಲುವಂತೆ ಮಾಡಿ. ಎಷ್ಟೋ ಸೀಕ್ವೆನ್ಸರ್‌ಗಳು ಮೇಲಿನ ಟ್ರ್ಯಾಕನ್ನೇ ಮೊದಲು ಕಳಿಸುತ್ತವೆ. ಅಥವಾ ಪ್ಯಾಡ್‌ನಂಥ ನಿಧಾನದ ಸ್ವರಗಳನ್ನು ಒಂದೆರಡು ಟಿಕ್ ಹಿಂದಕ್ಕೆ ತಳ್ಳಿ. ಕಿವಿಗೆ ಗೊತ್ತೇ ಆಗುವುದಿಲ್ಲ.

ನಿಜವಾದ ಕಳ್ಳ ಆಫ್ಟರ್‌ಟಚ್, ಅಂದರೆ ಒತ್ತಿದ ಕೀಲಿಯ ಮೇಲಿನ ಒತ್ತಡದ ಮಾಹಿತಿ. ಕೀಲಿಯನ್ನು ಒತ್ತಿ ಹಿಡಿದಷ್ಟೂ ಹೊತ್ತು ಕೀಬೋರ್ಡ್ ಬೈಟ್‌ಗಳನ್ನು ಸುರಿಯುತ್ತದೆ. ಸಿಂತ್‌ನ ಸ್ವರ ಅದನ್ನು ಬಳಸುತ್ತಿಲ್ಲವಾದರೂ ಅದು ಟ್ರ್ಯಾಕ್‌ನಲ್ಲಿ ಕೂತು ಪ್ರತಿ ಸಲ ಲೈನ್ ತುಂಬಿಸುತ್ತದೆ. ಈವೆಂಟ್ ಪಟ್ಟಿ ತೆರೆದು ನೋಡಿ, ಬೆಚ್ಚಿಬೀಳುತ್ತೀರಿ. ಬೇಡದ್ದನ್ನು ಅಳಿಸಿ, ಮುಂದೆ ಬಾರದಂತೆ ಫಿಲ್ಟರ್ ಹಾಕಿ. ಸಾಧನಗಳ ತಾಳ ಹೊಂದಿಸುವ ಕ್ಲಾಕ್ ಸಂಕೇತವನ್ನು ಮಾತ್ರ ಸುಮ್ನೆ ದೂರಬೇಡಿ. ನಿಮಿಷಕ್ಕೆ 120 ಬೀಟ್ ಇದ್ದರೆ ಅದು ಸೆಕೆಂಡಿಗೆ ಬರೀ 48 ಬೈಟ್. ಲೈನ್‌ನಲ್ಲಿ 3,125ಕ್ಕೆ ಜಾಗವಿದೆ.

ಸಿಂತ್‌ಗಳನ್ನು ಒಂದರ ಥ್ರೂನಿಂದ ಮುಂದಿನದರ ಇನ್‌ಗೆ ಸರಪಳಿ ಮಾಡಿದರೆ ತಡವಾಗುತ್ತದೆ ಅನ್ನುವ ಮಾತೂ ಬಹಳ ಓಡಾಡುತ್ತದೆ. ಅಲ್ಲಿ ಆಗುವ ತಡ ಕೆಲವೇ ಮೈಕ್ರೋಸೆಕೆಂಡ್, ಯಾರ ಕಿವಿಗೂ ಕೇಳದು. ಸರಪಳಿಯ ತೊಂದರೆ ಬೇರೆ. ಪ್ರತಿ ಆಪ್ಟೊ ದಾಟುವಾಗ ಸಂಕೇತದ ಅಂಚು ಸ್ವಲ್ಪ ಮೊಂಡಾಗುತ್ತದೆ. ನಾಲ್ಕನೆಯದೋ ಐದನೆಯದೋ ಸಾಧನಕ್ಕೆ ಬೈಟ್‌ಗಳು ಕಲಸುಮೇಲೋಗರ. ಮೂರಕ್ಕಿಂತ ಜಾಸ್ತಿ ಇದ್ದರೆ ಒಂದೇ ಸಂಕೇತವನ್ನು ಹಲವು ಸಾಧನಗಳಿಗೆ ಹಂಚುವ ಥ್ರೂ ಬಾಕ್ಸ್ ಬಳಸಿ.

ಮೌಸ್ ತಡವರಿಸಿದರೆ

ಇದು ಎಸ್‌ಟಿಯದೇ ಗುಣ. ಅದರೊಳಗೆ ಒಂದೇ ಜಾತಿಯ ಎರಡು 6850 ಚಿಪ್ ಇವೆ. ಒಂದು ಮಿಡಿಗೆ, ಇನ್ನೊಂದು ಕೀಬೋರ್ಡ್ ಮತ್ತು ಮೌಸ್‌ಗೆ. ಎರಡಕ್ಕೂ ಒಂದೇ 500 ಕಿಲೋಹರ್ಟ್ಸ್ ಕ್ಲಾಕ್. ಪ್ರೊಸೆಸರನ್ನು ಕರೆಯುವ ಇಂಟರಪ್ಟ್ ಲೈನ್ ಕೂಡ ಇಬ್ಬರಿಗೂ ಒಂದೇ. ಇಷ್ಟು ಗೊತ್ತಿದ್ದರೆ ಬಹಳಷ್ಟು ಊಹಿಸಬಹುದು. ಮಿಡಿ ಇನ್‌ನಲ್ಲಿ ಪ್ರವಾಹ ಬಂದಾಗ ಮೌಸ್ ಕುಂಟುತ್ತದೆ. ಕೀಬೋರ್ಡ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಆ ಕ್ಲಾಕ್ ಸರಿ ಇದೆ, ಅದನ್ನು ಅಳೆಯುವ ಕಷ್ಟ ಬೇಡ. ಮಿಡಿ ಚಿಪ್ ಕೆಟ್ಟು ಇಂಟರಪ್ಟ್ ಲೈನನ್ನು ಬಿಡದೆ ಹಿಡಿದುಕೊಂಡರೆ ಕೀಬೋರ್ಡೂ ಸತ್ತಂತೆ ಕಾಣಬಹುದು. ಎರಡೂ ಒಟ್ಟಿಗೆ ಹೋದರೆ ಮಾತ್ರ ನಾನು ಈ ಚಿಪ್‌ಗಳ ಮೇಲೆ ಮೊದಲ ಅನುಮಾನ ಪಡುತ್ತೇನೆ.

6850ರಲ್ಲಿ ಒಳಬಂದ ಬೈಟ್‌ಗೆ ಇರುವುದು ಒಂದೇ ಜಾಗ. ಮುಂದಿನದು ಬರುವ 320 ಮೈಕ್ರೋಸೆಕೆಂಡ್ ಒಳಗೆ ಪ್ರೊಸೆಸರ್ ಎತ್ತಿಕೊಳ್ಳದಿದ್ದರೆ ಬೈಟ್ ಹೋಯಿತು. ದೊಡ್ಡ ಸಿಸೆಕ್ಸ್ ಡಂಪ್ (ಸಿಂತ್ ತನ್ನ ಸ್ವರಗಳ ಸೆಟ್ಟಿಂಗ್‌ಗಳನ್ನೆಲ್ಲ ಒಟ್ಟಿಗೆ ಕಳಿಸುವುದು) ಅರ್ಧಕ್ಕೆ ನಿಲ್ಲುವುದು ಹೀಗೇ. ಯಮಹಾ ಡಿಎಕ್ಸ್7 ಸಿಂತ್‌ನ 32 ಸ್ವರಗಳ ಡಂಪ್ 4,104 ಬೈಟ್, ಬಿಡುವಿಲ್ಲದೆ 1.3 ಸೆಕೆಂಡ್ ಬರುತ್ತದೆ. ಆ ಹೊತ್ತಿನಲ್ಲಿ ಮೌಸ್ ಮುಟ್ಟಬೇಡಿ. ಹಿನ್ನೆಲೆಯಲ್ಲಿ ಓಡುವ ಆಕ್ಸೆಸರಿ ಪ್ರೋಗ್ರಾಮ್‌ಗಳನ್ನು ತೆಗೆದು, ಬೇರೆ ಸಾಧನಗಳ ಕ್ಲಾಕ್ ನಿಲ್ಲಿಸಿ, ಮತ್ತೆ ಕಳಿಸಿ. 240ರಿಂದ ಶುರುವಾಗಿ 247ಕ್ಕೆ ಮುಗಿದಿದ್ದರೆ, ಲೆಕ್ಕವೂ 4,104 ಇದ್ದರೆ ಪೂರ್ತಿ ಬಂದಿದೆ.

ಮೌಸ್ ಮೇಲೆ ಎಳೆದರೆ ಕೆಳಗೆ ಹೋಗುತ್ತಿದೆಯಾ? ಅದು ಹಾರ್ಡ್‌ವೇರ್ ಅಲ್ಲ. ಎಸ್‌ಟಿಯ ಘೋಸ್ಟ್ ಎಂಬ ಹಳೆಯ ಬೂಟ್ ಸೆಕ್ಟರ್ ವೈರಸ್‌ನ ಕಿತಾಪತಿ. ಪವರ್ ಆಫ್ ಮಾಡಿ, ಶುದ್ಧ ಡಿಸ್ಕ್‌ನಿಂದ ಶುರು ಮಾಡಿ, ಉಳಿದ ಡಿಸ್ಕ್‌ಗಳನ್ನು ಒಂದೊಂದಾಗಿ ನೋಡಿ.

ಮಿಡಿ ತಪ್ಪಿನಂತೆ ಕಾಣುವ ಬೇರೆ ತಪ್ಪುಗಳು

ಪ್ರೋಗ್ರಾಮ್ ತೆರೆಯುವುದೇ ಇಲ್ಲವೆಂದರೆ ಕಾರ್ಟ್ರಿಜ್ ಪೋರ್ಟ್‌ನಲ್ಲಿರುವ ಡಾಂಗಲ್ ನೋಡಿ, ಅಂದರೆ ಪ್ರೋಗ್ರಾಮ್ ತೆರೆಯಲು ಬೇಕಾದ ಬೀಗದ ಕೈಯಂಥ ತುಂಡು. ಅದರ ಸಂಪರ್ಕದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದರೆ ಬಹಳ ಸಲ ಸರಿಹೋಗುತ್ತದೆ. ಪವರ್ ಆನ್ ಇರುವಾಗ ಅದನ್ನು ಹಾಕುವುದು, ಕೀಳುವುದು ಬೇಡವೇ ಬೇಡ. ಡಾಂಗಲ್ ಸುಟ್ಟರೆ ಪ್ರೋಗ್ರಾಮ್ ಕೂಡ ಹೋದಂತೆ. ನೋಟೇಟರ್‌ನಂಥವಕ್ಕೆ 640×400ರ ಕಪ್ಪು ಬಿಳುಪು ತೆರೆ ಬೇಕು, ಬಣ್ಣದ ಟಿವಿಗೆ ಜೋಡಿಸಿದರೆ ಅವು ಏಳುವುದೇ ಇಲ್ಲ. ತೆರೆಯ ಮೇಲೆ ಬಾಂಬ್ ಚಿತ್ರ ಬಂದರೆ ಎಣಿಸಿ. ಎರಡಿದ್ದರೆ ಬಸ್ ಎರರ್, ಮೂರಿದ್ದರೆ ಅಡ್ರೆಸ್ ಎರರ್. ಬೇರೆ ಬೇರೆ ಪ್ರೋಗ್ರಾಮ್‌ನಲ್ಲಿ ಬೇಕಾಬಿಟ್ಟಿ ಬಂದರೆ ಪವರ್ ಸಪ್ಲೈ ಅಥವಾ ಸಾಕೆಟ್‌ನಲ್ಲಿ ಸಡಿಲವಾದ ಚಿಪ್ ಮೇಲೆ ಅನುಮಾನ ಇಡಿ.

ಕೊನೆಗೂ ಬಿಚ್ಚಲೇಬೇಕಾದರೆ

ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿ. ಎಸ್‌ಟಿಎಫ್ ಮಾದರಿಗಳಲ್ಲಿ ಪವರ್ ಸಪ್ಲೈ ಒಳಗೇ ಇದೆ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರಬಹುದು. ಆ ಭಾಗಕ್ಕೆ ಕೈ ಹಾಕುವುದು ಗೊತ್ತಿದ್ದವರಿಗೆ ಬಿಡಿ.

ಮೊದಲು ಮಿಡಿ ಸಾಕೆಟ್‌ನ ಕಾಲುಗಳ ಸುತ್ತ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ. ಎಷ್ಟೋ ವರ್ಷ ಪ್ಲಗ್ ಎಳೆದಾಡಿ ಅಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಹೊಸದಾಗಿ ಬೆಸುಗೆ ಹಾಕಿದರೆ ಅರ್ಧ ಯಂತ್ರಗಳು ಅಲ್ಲೇ ಗುಣವಾಗುತ್ತವೆ. ಆಮೇಲೆ 5 ವೋಲ್ಟ್ ಅಳೆಯಿರಿ. 4.75ಕ್ಕಿಂತ ಕೆಳಗಿದ್ದರೆ ಮಿಡಿ ಬಗ್ಗೆ ಯೋಚಿಸುವ ಮೊದಲು ಸಪ್ಲೈ ಸರಿಮಾಡಿಸಿ. ಔಟ್ ಸರಿ ಇದ್ದು ಇನ್ ಮಾತ್ರ ಕೆಟ್ಟಿದ್ದರೆ ಪಿಸಿ900 ಎಂಬ ಆಪ್ಟೊ ಹುಡುಕಿ. ಅದರ ಪಕ್ಕದ ಡಯೋಡ್ ಶಾರ್ಟ್ ಆಗಿದ್ದರೂ ಇದೇ ಲಕ್ಷಣ. ಅದನ್ನು ಮೊದಲು ಅಳೆಯಿರಿ, ಬದಲಿಸುವುದು ಸುಲಭ. 6850 ಚಿಪ್‌ಗಳು ಸಾಕೆಟ್‌ನಲ್ಲಿದ್ದರೆ ಎರಡನ್ನೂ ಅದಲುಬದಲು ಮಾಡಿ ನೋಡಿ. ತೊಂದರೆ ಕೀಬೋರ್ಡ್‌ಗೆ ಜಿಗಿದರೆ ಕಳ್ಳ ಸಿಕ್ಕಂತೆ. ಬೋರ್ಡ್‌ಗೆ ಬೆಸೆದಿದ್ದರೆ ಅದು ಕೊನೆಯ ದಾರಿ. ನನ್ನಂತೆ ಮಾಡಬೇಡಿ.

ಎಸ್‌ಟಿ ಅಲ್ಲದವರಿಗೆ

ಕಮೊಡೋರ್ 64ರಲ್ಲಿ ಮಿಡಿ ಇಲ್ಲ, ಕಾರ್ಟ್ರಿಜ್ ಬೇಕು. ಇಲ್ಲಿ ಮೌನಕ್ಕೆ ಸಾಮಾನ್ಯ ಕಾರಣ ತಾಳೆಯಾಗದ ಮೆಮೊರಿ ವಿಳಾಸಗಳು. ಸೀಕ್ವೆನ್ಶಿಯಲ್ ಮಾದರಿಯ ಕಾರ್ಟ್ರಿಜ್ 56832ರಿಂದ ಶುರುವಾಗುತ್ತದೆ, ಪಾಸ್‌ಪೋರ್ಟ್ ಮಾದರಿ 56840ರಿಂದ. ಪ್ರೋಗ್ರಾಮ್ ಒಂದನ್ನು ಹುಡುಕುತ್ತಿದ್ದು ನೀವು ಇನ್ನೊಂದನ್ನು ಚುಚ್ಚಿದರೆ ಎರಡೂ ಒಳ್ಳೆಯ ಸ್ಥಿತಿಯಲ್ಲಿದ್ದೂ ಏನೂ ಆಗುವುದಿಲ್ಲ. ಪ್ರೋಗ್ರಾಮ್‌ನ ಮೆನುವಿನಲ್ಲಿ ಇಂಟರ್‌ಫೇಸ್ ಆಯ್ಕೆ ಇದೆಯೇ ನೋಡಿ. ಅದಕ್ಕೂ ಮುಂಚೆ ಅದರ ಹಳೆಯ ಪವರ್ ಇಟ್ಟಿಗೆಯನ್ನು ಅಳೆಯಿರಿ. ಅದು ಕೆಡುವಾಗ 5 ವೋಲ್ಟ್ ಮೇಲಕ್ಕೆ ಏರಿ ಒಳಗಿನ ಮೆಮೊರಿ ಚಿಪ್‌ಗಳನ್ನು ತಿಂದುಹಾಕುತ್ತದೆ.

ಅಮಿಗಾದಲ್ಲಿ ಮಿಡಿ ಇಂಟರ್‌ಫೇಸ್ ಕೂರುವುದು ಸೀರಿಯಲ್ ಪೋರ್ಟ್‌ಗೆ. ಅಮಿಗಾ 1000ದ ಪೋರ್ಟ್ ಆಮೇಲಿನ 500, 2000ಕ್ಕಿಂತ ಬೇರೆ. ಗಂಡು ಹೆಣ್ಣು ಸಾಕೆಟ್ ತಿರುಗಾಮುರುಗಾ, ವಿದ್ಯುತ್ ಕೊಡುವ ಪಿನ್‌ಗಳೂ ಬೇರೆ. ಅಡಾಪ್ಟರ್ ಹಾಕಿ ಬಲವಂತವಾಗಿ ಕೂರಿಸಬೇಡಿ. ನುಡಿಸುವಾಗ ಎಲ್ಲ ಸರಿ, ರೆಕಾರ್ಡ್ ಮಾಡುವಾಗ ಮಾತ್ರ ನೋಟ್‌ಗಳು ಕಳೆಯುತ್ತಿವೆಯಾ? ತೆರೆಯ ಬಣ್ಣ ಕಡಿಮೆ ಮಾಡಿ. ಹೈ ರೆಸಲ್ಯೂಶನ್‌ನಲ್ಲಿ 16 ಬಣ್ಣ ಇಟ್ಟರೆ ಚಿತ್ರ ತೋರಿಸುವ ಚಿಪ್ಪೇ ಮೆಮೊರಿಯನ್ನು ಹಿಡಿದುಕೊಳ್ಳುತ್ತದೆ. ಪ್ರೊಸೆಸರ್ ಕಾಯುತ್ತಾ ನಿಲ್ಲುತ್ತದೆ. ಅಷ್ಟರಲ್ಲಿ ಬೈಟ್ ಬಂದು ಹೋಗಿರುತ್ತದೆ. 4 ಬಣ್ಣಕ್ಕೆ ಇಳಿಸಿ ಮತ್ತೊಮ್ಮೆ ರೆಕಾರ್ಡ್ ಮಾಡಿ ನೋಡಿ.